ರಜೆಯಲ್ಲಿ ಮಕ್ಕಳಿಗೆ ಯಾವ ಪರಿಸರ ಕೆಲಸ? ನೆಡುವುದಾ, ನೋಡಿಕೊಳ್ಳುವುದಾ, ಎಣಿಸುವುದಾ?

"ಮಗಳಿಗೆ ಹದಿನೈದು. ರಜೆಯಲ್ಲಿ ಏನಾದರೂ ಪರಿಸರದ ಕೆಲಸ ಮಾಡ್ತೀನಿ ಅಂತಾಳೆ. ಯಾವುದಕ್ಕೆ ಸೇರಿಸಲಿ?" ಬೇಸಿಗೆ ಹತ್ತಿರ ಬಂತೆಂದರೆ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಕೆಲವು ವರ್ಷಗಳಿಂದ ರಜೆ ದಿನಗಳಲ್ಲಿ ಹದಿಹರೆಯದ ಮಕ್ಕಳ ಜೊತೆ ನಗರದಲ್ಲೇ ಇಂಥ ಕೆಲಸ ಮಾಡುತ್ತಾ ಬಂದಿದ್ದೇನೆ. ಎಲ್ಲ ಕೆಲಸವೂ ಒಳ್ಳೆಯದೇ. ಆದರೆ ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ. ಕೆಲವು ಕೆಲಸಗಳಂತೂ ಬೇಸಿಗೆಗೇ ಹೊಂದುವುದಿಲ್ಲ.

ಆರಿಸುವಾಗ ನಾನು ಎರಡೇ ವಿಷಯ ನೋಡುತ್ತೇನೆ. ಮಗು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತದಾ? ರಜೆ ಮುಗಿಯುವ ಮೊದಲು ತನ್ನ ಕೆಲಸದಿಂದ ಏನಾಯಿತು ಅಂತ ಅದರ ಕಣ್ಣಿಗೆ ಕಾಣುತ್ತದಾ? ಎರಡಕ್ಕೂ ಹೌದು ಅಂತ ಉತ್ತರ ಬಂದರೆ ಕೆಲಸ ಎಷ್ಟೇ ಚಿಕ್ಕದಿರಲಿ, ಮಗು ನಿಲ್ಲುತ್ತದೆ. ಎರಡಕ್ಕೂ ಇಲ್ಲ ಅಂತಾದರೆ ಬ್ಯಾನರ್ ಎಷ್ಟೇ ದೊಡ್ಡದಿರಲಿ, ಎರಡನೇ ವಾರಕ್ಕೆ ಹಾಸಿಗೆ ಬಿಟ್ಟು ಏಳುವುದಿಲ್ಲ.

ಗಿಡ ನೆಡುವುದಾ, ನೆಟ್ಟಿದ್ದನ್ನು ನೋಡಿಕೊಳ್ಳುವುದಾ?

ಪರಿಸರದ ಕೆಲಸ ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಗಿಡ ನೆಡುವುದು. ಆದರೆ ಸುಡು ಬೇಸಿಗೆ ನೆಡುವ ಕಾಲವೇ ಅಲ್ಲ. ಸಸಿಯನ್ನು ಕುಂಡದಿಂದಲೋ ಚೀಲದಿಂದಲೋ ತೆಗೆದು ನೆಲಕ್ಕೆ ಇಡುವಾಗ ಬೇರು ಸ್ವಲ್ಪವಾದರೂ ಹರಿಯುತ್ತದೆ. ಹೊಸ ಬೇರು ಸುತ್ತಲಿನ ಮಣ್ಣಿಗೆ ಇಳಿಯಲು ಸಮಯ ಬೇಕು. ಅಷ್ಟರಲ್ಲಿ ಬಿಸಿಲಿಗೆ ಎಲೆಯಿಂದ ಆರಿಹೋಗುವ ನೀರೇ ಜಾಸ್ತಿ, ಬೇರು ಎಳೆದುಕೊಳ್ಳುವುದು ಕಡಿಮೆ. ಸಸಿ ಒಣಗುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿ ಕಲಿತೆ. ಒಂದು ಬೇಸಿಗೆಯಲ್ಲಿ ನಮ್ಮ ಮಕ್ಕಳನ್ನು ಒಂದು ದೊಡ್ಡ ನೆಡುವ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ಗುಂಡಿ ಮೊದಲೇ ತೋಡಿಟ್ಟಿದ್ದರು. ಮಕ್ಕಳು ಸಸಿ ಇಟ್ಟರು, ಮಣ್ಣು ಮುಚ್ಚಿದರು, ಪ್ರತಿ ಸಸಿಗೂ ನೆಟ್ಟವರ ಹೆಸರಿನ ಚೀಟಿ ಕಟ್ಟಿದರು. ಫೋಟೋ ಆಯಿತು. ನೀರು ಯಾರು ಹಾಕುತ್ತಾರೆ ಅಂತ ನಾನೂ ಕೇಳಲಿಲ್ಲ. ಎರಡು ತಿಂಗಳು ಬಿಟ್ಟು ಅದೇ ಜಾಗಕ್ಕೆ ಹೋದೆವು. ಹದಿನಾಲ್ಕು ವರ್ಷದ ಒಬ್ಬ ಹುಡುಗ ತನ್ನ ಹೆಸರಿನ ಚೀಟಿ ಹುಡುಕಿಕೊಂಡ. ಚೀಟಿ ಹಾಗೇ ಇತ್ತು, ಒಂದು ಒಣ ಕಡ್ಡಿಗೆ ನೇತಾಡುತ್ತಾ. ಅವನು ಏನೂ ಮಾತಾಡಲಿಲ್ಲ. ಮುಂದಿನ ವಾರ ಬರಲೂ ಇಲ್ಲ. ಅವನ ಉತ್ಸಾಹ ಅಲ್ಲಿ ಒಣಗಿದ್ದಕ್ಕೆ ನಾನೂ ಕಾರಣ ಅಂತ ಇವತ್ತಿಗೂ ಅನಿಸುತ್ತದೆ.

ಅಂದಿನಿಂದ ಬೇಸಿಗೆಯಲ್ಲಿ ನಾವು ನೆಡುವುದಿಲ್ಲ. ಹಿಂದಿನ ವರ್ಷಗಳಲ್ಲಿ ಯಾರೋ ನೆಟ್ಟು ಮರೆತ ಗಿಡಗಳನ್ನು ನೋಡಿಕೊಳ್ಳುತ್ತೇವೆ. ರಸ್ತೆ ಬದಿಯ ಗಿಡಕ್ಕೆ ಮೊದಲ ಎರಡು ಮೂರು ವರ್ಷ ನೀರಿನ ಆಸರೆ ಬೇಕೇ ಬೇಕು. ಕೆಲಸ ಸರಳ. ಬುಡದ ಸುತ್ತ ಪಾತಿ ಮಾಡಬೇಕು. ಗಟ್ಟಿಯಾದ ಮೇಲ್ಮಣ್ಣನ್ನು ಬೇರಿಗೆ ತಾಗದಂತೆ ಸ್ವಲ್ಪ ಸಡಿಲಿಸಬೇಕು. ಬೆಳಗ್ಗೆ ನಿಧಾನವಾಗಿ ನೀರು ಬಿಡಬೇಕು, ಒಂದೇ ಸಲ ಸುರಿದರೆ ಹರಿದು ರಸ್ತೆಗೆ ಹೋಗುತ್ತದೆ. ಮೇಲೆ 5ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ತರಗೆಲೆ ಹಾಸಬೇಕು. ಕಾಂಡಕ್ಕೆ ಮಾತ್ರ ಎಲೆ ತಾಗಬಾರದು, ಒಂದು ಗೇಣು ಜಾಗ ಬಿಡಿ. ತೇವ ಸದಾ ತಾಗಿಕೊಂಡಿದ್ದರೆ ತೊಗಟೆ ಕೊಳೆಯುತ್ತದೆ.

ಇನ್ನೊಂದು ಕೆಲಸ ಇದೆ, ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ತಂತಿ ಬಿಡಿಸುವುದು. ಸಸಿಯಾಗಿದ್ದಾಗ ಆಸರೆಗೆ ಅಂತ ತಂತಿ ಕಟ್ಟಿರುತ್ತಾರೆ. ಗಿಡ ದಪ್ಪ ಆಗುತ್ತದೆ, ತಂತಿ ಅಷ್ಟೇ ಇರುತ್ತದೆ. ಒಮ್ಮೆ ಒಬ್ಬ ಹುಡುಗಿ ಕಾಂಡದ ಮೇಲೆ ಒಂದು ಉಬ್ಬು ನೋಡಿ ಗಂಟು ಅಂದುಕೊಂಡಳು. ಬೆರಳಿಟ್ಟು ಸವರಿದರೆ ಒಳಗೆ ಏನೋ ಚುಚ್ಚಿತು. ತೊಗಟೆ ಎರಡೂ ಕಡೆಯಿಂದ ತುಟಿಯ ಹಾಗೆ ಬೆಳೆದು ತಂತಿಯನ್ನು ಅರ್ಧ ನುಂಗಿತ್ತು. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳ ಪದರದಲ್ಲೇ. ತಂತಿ ಸುತ್ತಲೂ ಅದನ್ನು ಹಿಸುಕಿದರೆ ಬೇರು ಹಸಿದು, ಕೊನೆಗೆ ಮರವೇ ಸಾಯುತ್ತದೆ. ಅವಳು ಕಟಿಂಗ್ ಪ್ಲೇಯರ್ ಹಿಡಿದು ಹೊರಗೆ ಕಾಣುವ ತುಂಡುಗಳನ್ನು ಒಂದೊಂದಾಗಿ ಕತ್ತರಿಸಿದಳು. ಒಳಗೆ ಹೂತುಹೋದದ್ದನ್ನು ಎಳೆಯಲಿಲ್ಲ, ಎಳೆದರೆ ತೊಗಟೆ ಕಿತ್ತು ಬರುತ್ತದೆ. ಆ ಒಂದು ಮರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಹಾಗಾಗಿ ಈ ಎರಡರಲ್ಲಿ ನನ್ನ ಆಯ್ಕೆ ನೋಡಿಕೊಳ್ಳುವುದೇ. ಒಬ್ಬರಿಗೆ ಹತ್ತು ಗಿಡ ಕೊಟ್ಟರೆ ಸಾಕು. ನಿಮ್ಮ ಊರಿನಲ್ಲಿ ರಜೆಯ ಹೊತ್ತಿಗೇ ಮಳೆ ಶುರುವಾಗುತ್ತದೆ ಅಂತಾದರೆ ನೆಡಬಹುದು. ಆಗಲೂ ಒಂದು ಷರತ್ತು: ನೀರು ಹಾಕುವವರ ಹೆಸರು ಗೊತ್ತಿರಬೇಕು.

ಕಾಂಪೋಸ್ಟ್: ವಾಸನೆ ತಡೆಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ

ನನ್ನನ್ನು ಕೇಳಿದರೆ ಬೇಸಿಗೆ ರಜೆಗೆ ಹೇಳಿ ಮಾಡಿಸಿದ ಕೆಲಸ ಇದು. ಬಿಸಿ ವಾತಾವರಣದಲ್ಲಿ ಗೊಬ್ಬರ ಬೇಗ ಆಗುತ್ತದೆ. ಬದಲಾವಣೆ ವಾರದಿಂದ ವಾರಕ್ಕೆ ಕಣ್ಣಿಗೆ ಕಾಣುತ್ತದೆ, ಮೂಗಿಗೂ ಗೊತ್ತಾಗುತ್ತದೆ.

ಒಂದು ಅಪಾರ್ಟ್‌ಮೆಂಟಿನ ಹಿಂಭಾಗವೋ, ಶಾಲೆಯ ಮೂಲೆಯೋ, ಪಾರ್ಕಿನ ಅಂಚೋ ಸಾಕು. ಹಸಿ ಕಸ ಒಂದು ಪಾಲು ಆದರೆ ಒಣ ಎಲೆ ಎರಡರಿಂದ ಮೂರು ಪಾಲು. ಯಾಕೆ ಅಂದರೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ, ಸಾರಜನಕ ಎರಡೂ ಬೇಕು, ಸುಮಾರು 30ಕ್ಕೆ 1ರ ಲೆಕ್ಕದಲ್ಲಿ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಹಸಿ ಕಸದಲ್ಲಿ ಸಾರಜನಕ ಜಾಸ್ತಿ. ರಾಶಿ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದೊಂದು ಮೀಟರ್ ಇದ್ದರೆ ಒಳಗಿನ ಬಿಸಿ ಹೊರಗೆ ಸೋರದೆ ನಿಲ್ಲುತ್ತದೆ. ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆಬೀಜಗಳೂ ಬಹುಪಾಲು ಸಾಯುತ್ತವೆ.

ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಡಿ. ಹೊರಗೆ ತೆಗೆದು ಮುಟ್ಟಿ ನೋಡಿ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ರಾಶಿ ಚೆನ್ನಾಗಿದೆ. ಬೆಂಕಿ ಇಲ್ಲ, ಕರೆಂಟ್ ಇಲ್ಲ, ಕೊಳೆಯುವ ಎಲೆಯಿಂದ ಇಷ್ಟು ಬಿಸಿ ಹೇಗೆ ಅಂತ ಮೊದಲ ಸಲ ಮುಟ್ಟಿದ ಮಗುವಿನ ಮುಖ ನೋಡಬೇಕು. ಬೆಳಗಿನ ತಂಪಿನಲ್ಲಿ ರಾಶಿ ತಿರುವಿದರೆ ಒಳಗಿಂದ ಹಬೆಯೇ ಏಳುತ್ತದೆ.

ತೇವ ನೋಡುವುದೂ ಸುಲಭ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಒಂದೆರಡು ಹನಿ ಜಿನುಗಿದರೆ ಹದ ಸರಿ. ನೀರು ಸುರಿದರೆ ಜಾಸ್ತಿ ಒದ್ದೆ. ಏನೂ ಬಾರದೆ ಪುಡಿ ಉದುರಿದರೆ ನೀರು ಚಿಮುಕಿಸಿ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮ ಮೊದಲ ರಾಶಿಗೆ ಒಣ ಎಲೆ ಸಾಲದೆ ಬಂದು ಒಂದೇ ವಾರಕ್ಕೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಅಕ್ಕಪಕ್ಕದವರು ಬೈದರು, ತಪ್ಪೇನಿಲ್ಲ. ಗಾಳಿ ಆಡದ ಒದ್ದೆ ರಾಶಿ ಯಾವಾಗಲೂ ಹೀಗೇ. ಮಕ್ಕಳು ಇಡೀ ರಾಶಿಯನ್ನು ಬಿಚ್ಚಿ, ಎರಡು ಮೂಟೆ ತರಗೆಲೆ ಬೆರೆಸಿ ಮತ್ತೆ ಕಟ್ಟಿದರು. ಮೂರು ದಿನಕ್ಕೆ ವಾಸನೆ ಹೋಯಿತು. ಕಾರಣ ಹುಡುಕಿ, ಸರಿ ಮಾಡಿ, ಫಲ ನೋಡುವ ಕೆಲಸ ಅಷ್ಟೂ ಅವರೇ ಮಾಡಿದರು. ಆ ಗುಂಪು ಒಬ್ಬರೂ ತಪ್ಪದೆ ಕೊನೆಯವರೆಗೂ ಬಂತು.

ಎರಡು ತಿಂಗಳಿಗೆ ರಾಶಿ ಅರ್ಧಕ್ಕಿಂತ ಕಡಿಮೆಯಾಗಿ, ಬಹುಪಾಲು ಕಪ್ಪು ಮಣ್ಣಿನ ಹಾಗೆ ಕಾಣುತ್ತದೆ. ಇನ್ನೊಂದು ತಿಂಗಳು ಸುಮ್ನೆ ಬಿಟ್ಟರೆ ಬಳಸುವ ಹದಕ್ಕೆ ಬರುತ್ತದೆ. ಧೂಳಿನ ಅಲರ್ಜಿ ಅಥವಾ ಆಸ್ತಮಾ ಇರುವ ಮಕ್ಕಳಿಗೆ ಮಾತ್ರ ರಾಶಿ ತಿರುವುವ ಕೆಲಸ ಬೇಡ, ಅದರಿಂದ ಶಿಲೀಂಧ್ರದ ಧೂಳು ಏಳುತ್ತದೆ. ಅವರು ತೂಕ, ಬಿಸಿ ಬರೆದಿಡಬಹುದು.

ಕಸ ಹೆಕ್ಕುವುದಾ, ಎಣಿಸಿ ಹೆಕ್ಕುವುದಾ?

ಸ್ವಚ್ಛತಾ ಅಭಿಯಾನಕ್ಕೆ ಸೇರುವುದು ಎಲ್ಲಕ್ಕಿಂತ ಸುಲಭ. ಒಂದು ಬೆಳಗ್ಗೆ ಹೋಗಿ ಬಂದರೆ ಆಯಿತು. ಸ್ವೀಡನ್ನಿನಲ್ಲಿ 2016ರಲ್ಲಿ ಶುರುವಾದ ಪ್ಲಾಗಿಂಗ್, ಅಂದರೆ ಓಡುತ್ತಾ ಕಸ ಹೆಕ್ಕುವುದು, ಆಟ ಇಷ್ಟಪಡುವ ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ. ಆದರೆ ಮುಂದಿನ ವಾರ ಅದೇ ಜಾಗದಲ್ಲಿ ಅಷ್ಟೇ ಕಸ ಬಿದ್ದಿರುತ್ತದೆ. "ನಾವು ಮಾಡಿ ಏನುಪಯೋಗ?" ಅಂತ ಮಗು ಕೇಳಿದರೆ ಏನು ಹೇಳುತ್ತೀರಿ?

ಅದಕ್ಕೇ ನಾನು ಎಣಿಸಿ ಹೆಕ್ಕುವ ದಾರಿ ಹಿಡಿಯಲು ಹೇಳುತ್ತೇನೆ. 1986ರಿಂದ ನಡೆದುಕೊಂಡು ಬಂದಿರುವ ಅಂತಾರಾಷ್ಟ್ರೀಯ ಕರಾವಳಿ ಸ್ವಚ್ಛತಾ ಕಾರ್ಯದಲ್ಲಿ ಸ್ವಯಂಸೇವಕರು ಹೆಕ್ಕಿದ ಒಂದೊಂದು ವಸ್ತುವನ್ನೂ ಬರೆದಿಡುತ್ತಾರೆ. ಸಿಗರೇಟ್ ತುಂಡು ವರ್ಷಗಟ್ಟಲೆ ಆ ಪಟ್ಟಿಯ ಮೇಲ್ಭಾಗದಲ್ಲಿತ್ತು ಅಂತ ಗೊತ್ತಾದದ್ದು ಹೀಗೆ. ನೋಡಲು ಹತ್ತಿಯ ಹಾಗಿದ್ದರೂ ಆ ಫಿಲ್ಟರ್ ಪ್ಲಾಸ್ಟಿಕ್ ನಾರಿನದು. ಇದೇ ಕೆಲಸವನ್ನು ನಿಮ್ಮ ಬೀದಿಯ ನೂರು ಮೀಟರ್ ಜಾಗದಲ್ಲಿ ವಾರಕ್ಕೊಮ್ಮೆ, ಎಂಟು ವಾರ ಮಾಡಿ. ಬಾಟಲಿ ಎಷ್ಟು, ಮುಚ್ಚಳ ಎಷ್ಟು, ತಿಂಡಿಯ ಪ್ಯಾಕೆಟ್ ಎಷ್ಟು, ಯಾವ ಕಂಪನಿಯದು. ನಾಲ್ಕನೇ ವಾರಕ್ಕೆ ಕಸ ಎಲ್ಲಿಂದ ಬರುತ್ತಿದೆ ಅಂತ ಮಕ್ಕಳೇ ಹೇಳುತ್ತಾರೆ. ಒಂದು ಕಸದ ಡಬ್ಬಿ ತಪ್ಪಾದ ಕಡೆ ಇದ್ದರೆ, ಅದನ್ನು ಹತ್ತು ಹೆಜ್ಜೆ ಸರಿಸಿ ಅಂತ ಕೇಳಲು ಕೈಯಲ್ಲಿ ಲೆಕ್ಕ ಇರುತ್ತದೆ.

ಒಂದು ಎಚ್ಚರಿಕೆ. ಸೂಜಿ, ಒಡೆದ ಗಾಜು, ಆಸ್ಪತ್ರೆಯ ಕಸ ಕಂಡರೆ ಮಕ್ಕಳು ಮುಟ್ಟಬಾರದು, ದೊಡ್ಡವರನ್ನು ಕರೆಯಬೇಕು. ದಪ್ಪ ಕೈಗವಸು, ಮುಚ್ಚಿದ ಶೂ ಬೇಕೇ ಬೇಕು. ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಆಗಿದೆಯಾ ನೋಡಿಕೊಳ್ಳಿ. ಚರಂಡಿ, ಮೋರಿಗೆ ಇಳಿಸುವ ಕಾರ್ಯಕ್ರಮ ಅಂತಾದರೆ ಕಳಿಸಲೇಬೇಡಿ. ಅದು ಮಕ್ಕಳ ಕೆಲಸ ಅಲ್ಲ.

ಕೆರೆ, ಹೊಳೆಯ ನೀರು ಪರೀಕ್ಷೆ

ಲೆಕ್ಕ, ವಿಜ್ಞಾನ ಇಷ್ಟಪಡುವ ಮಗು ಮನೆಯಲ್ಲಿದ್ದರೆ ಇದನ್ನು ನೋಡಿ. ಮೈ ಬಗ್ಗಿಸುವ ಕೆಲಸ ಕಡಿಮೆ, ತಾಳ್ಮೆ ಜಾಸ್ತಿ ಬೇಕು.

ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯಲು ಸೆಕ್ಕಿ ತಟ್ಟೆ ಸಾಕು. ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಬಳಸಿದ ಉಪಾಯ ಇದು. 20 ಸೆಂಟಿಮೀಟರ್ ಅಗಲದ ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಹಚ್ಚಿ, ಅಳತೆ ಗುರುತು ಹಾಕಿದ ಹಗ್ಗ ಕಟ್ಟಿ ಇಳಿಸಬೇಕು. ಕಣ್ಣಿಗೆ ಕಾಣದಾಗುವ ಆಳವೇ ಉತ್ತರ. ಮಕ್ಕಳೇ ಮನೆಯಲ್ಲಿ ಮಾಡಿಕೊಳ್ಳಬಹುದು.

ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ಕಿಟ್ ಬೇಕು. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಏರಿದರೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಅದರ ಜೊತೆಗೆ ರಾತ್ರಿಯಿಡೀ ಪಾಚಿ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ, ಬಿಸಿಲಿಲ್ಲದೆ ಹೊಸದಾಗಿ ತಯಾರಿಸುವುದಿಲ್ಲ. ಬೇಸಿಗೆಯಲ್ಲಿ ಮೀನು ಸತ್ತು ತೇಲುವುದು ಸಾಮಾನ್ಯವಾಗಿ ಬೆಳಗಿನ ಜಾವ ಯಾಕೆ ಅಂತ ಇದರಿಂದ ಅರ್ಥ ಆಗುತ್ತದೆ. ಹಾಗಾಗಿ ಪ್ರತಿ ಸಲ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅಳೆಯಬೇಕು. ಇಲ್ಲದಿದ್ದರೆ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.

ಈಜು ಬಂದರೂ ಸರಿ, ಯಾರೂ ಒಬ್ಬರೇ ನೀರಿನ ಹತ್ತಿರ ಹೋಗಬಾರದು. ಕೊಳಕು ನೀರಿನಲ್ಲಿ ಇಲಿಜ್ವರದ ರೋಗಾಣು ಇರಬಹುದು, ಕೈಕಾಲಿನಲ್ಲಿ ಗಾಯ ಇದ್ದವರು ಆ ದಿನ ದಡದಲ್ಲಿ ಕೂತು ಬರೆದುಕೊಳ್ಳಲಿ. ಜೊತೆಗೆ ಇದನ್ನೂ ಕೇಳಿ: ಬಂದ ಅಂಕಿಗಳನ್ನು ಯಾರು ನೋಡುತ್ತಾರೆ? ಯಾರೂ ನೋಡದ ಅಂಕಿ ಬರೆಯುತ್ತಾ ಕೂತರೆ ಮಕ್ಕಳಿಗೆ ಬೇಗ ಬೇಸರ ಬರುತ್ತದೆ.

ಹಕ್ಕಿ, ಚಿಟ್ಟೆ, ಗಿಡಗಳ ಎಣಿಕೆ

ಜನರ ಮಧ್ಯೆ ಹಿಂಜರಿಯುವ, ಒಬ್ಬರೇ ಸುತ್ತಾಡಲು ಇಷ್ಟಪಡುವ ಮಕ್ಕಳಿಗೆ ಇದು ಹೊಂದುತ್ತದೆ. ಕಂಡ ಜೀವಿಗಳನ್ನು ದಾಖಲಿಸಲು ಫೋನಿನ ಆ್ಯಪ್‌ಗಳಿವೆ. 2002ರಲ್ಲಿ ಶುರುವಾದ ಇ-ಬರ್ಡ್, 2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್ ಎರಡೂ ಉಚಿತ. ಇ-ಬರ್ಡ್ ಹಕ್ಕಿಗೆ ಮಾತ್ರ, ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಅನ್ನುವುದನ್ನೂ ಕೇಳುತ್ತದೆ. ಐನ್ಯಾಚುರಲಿಸ್ಟಿನಲ್ಲಿ ಜೇಡ, ಅಣಬೆ, ಗೋಡೆಯ ಬಿರುಕಿನ ಹುಲ್ಲು ಏನಾದರೂ ಸರಿ, ಫೋಟೋ ಹಾಕಿದರೆ ಬೇರೆಯವರು ಗುರುತಿಸಲು ನೆರವಾಗುತ್ತಾರೆ. ಹಕ್ಕಿ ಗೊತ್ತಿಲ್ಲದವರು ಎರಡನೆಯದರಿಂದ ಶುರು ಮಾಡುವುದು ಸುಲಭ. ಮನೆಯ ಹತ್ತಿರದ ಫೋಟೋ ಹಾಕುವಾಗ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ, ಮಕ್ಕಳಿಗೆ ಅದನ್ನು ಮೊದಲ ದಿನವೇ ತೋರಿಸಿ.

ಕೊರತೆ ಅಂದರೆ ಫೋನ್ ಕೈಯಲ್ಲೇ ಇರುತ್ತದೆ. ಮಣ್ಣು ಮೆತ್ತಿಕೊಳ್ಳುವ ಕೆಲಸ ಬೇಕು ಅನ್ನುವವರಿಗೆ ಇದೊಂದೇ ಸಾಲದು. ಗಿಡ ನೋಡಿಕೊಳ್ಳುವ ಕೆಲಸದ ಜೊತೆ ಸೇರಿಸಿದರೆ ಚೆನ್ನ. ತಾನು ನೀರು ಹಾಕುವ ಗಿಡಕ್ಕೆ ಯಾವ ಹುಳ ಬಂತು ಅಂತ ನೋಡುವ ಮಗು ಬೇರೆಯೇ ಕಣ್ಣಿನಿಂದ ನೋಡುತ್ತದೆ.

ಸಮುದಾಯ ತೋಟ ಇದ್ದರೆ ಅದೂ ಒಳ್ಳೆಯದೇ, ಆದರೆ ದಿನವೂ ಹೋಗಲು ಆಗುವಷ್ಟು ಹತ್ತಿರ ಇರಬೇಕು. ಪೋಸ್ಟರ್ ಬರೆಯುವುದು, ಜಾಗೃತಿ ಜಾಥಾ ಇವೆಲ್ಲ ಕೈಕೆಲಸ ಮಾಡಿದ ಮೇಲೆ ಬರಲಿ. ಹೇಳುವುದಕ್ಕೆ ಏನಾದರೂ ಇರಬೇಕು ಅಲ್ವಾ?

ಶಿಬಿರವಾ, ಸ್ಥಳೀಯ ಗುಂಪಾ, ಗೆಳೆಯರೇ ಸೇರಿ ಮಾಡುವುದಾ?

ದುಡ್ಡು ಕೊಟ್ಟು ಸೇರುವ ಶಿಬಿರದಲ್ಲಿ ಉಪಕರಣ, ಊಟ, ಪ್ರಮಾಣಪತ್ರ ಎಲ್ಲ ಇರುತ್ತದೆ. ಆದರೆ ಒಂದೆರಡು ವಾರಕ್ಕೆ ಮುಗಿಯುತ್ತದೆ, ದಿನಕ್ಕೊಂದು ಜಾಗ ತೋರಿಸುತ್ತಾರೆ. ಬೀದಿಯ ಗುಂಪಿನಲ್ಲಿ ಸವಲತ್ತು ಕಡಿಮೆ, ಆದರೆ ಅವರು ಮುಂದಿನ ತಿಂಗಳೂ ಅಲ್ಲೇ ಇರುತ್ತಾರೆ. ನನ್ನ ಒಲವು ಗುಂಪಿನ ಕಡೆಗೆ. ಗೆಳೆಯರೇ ಸೇರಿ ಮಾಡುತ್ತೇವೆ ಅಂದರೆ ತಡೆಯಬೇಡಿ. ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾದ ಜೇನ್ ಗುಡಾಲ್ 1991ರಲ್ಲಿ ಟಾಂಜಾನಿಯಾದಲ್ಲಿ ಶುರು ಮಾಡಿದ ಮಕ್ಕಳ ಪರಿಸರ ಕಾರ್ಯಕ್ರಮ ರೂಟ್ಸ್ ಅಂಡ್ ಶೂಟ್ಸ್‌ನಲ್ಲಿ ಮೊದಲು ಇದ್ದದ್ದು 12 ವಿದ್ಯಾರ್ಥಿಗಳು ಮಾತ್ರ. ನಾಲ್ಕು ಜನ ಮಕ್ಕಳು, ಜವಾಬ್ದಾರಿ ಹೊರುವ ಒಬ್ಬರು ದೊಡ್ಡವರು, ಜಾಗದವರ ಒಪ್ಪಿಗೆ ಇದ್ದರೆ ಶುರು ಮಾಡಬಹುದು.

ಯಾವುದಕ್ಕೆ ಸೇರಿಸುವುದಾದರೂ ಬಿಸಿಲಿನ ಬಗ್ಗೆ ಅವರ ನಿಯಮ ಏನು ಅಂತ ಕೇಳಿ. ಬೆಳಗ್ಗೆ ಆರರಿಂದ ಒಂಬತ್ತು ಅಂದರೆ ಗೊತ್ತಿದ್ದವರು ಅಂತ ಲೆಕ್ಕ. ಹನ್ನೊಂದು ಗಂಟೆಗೆ ಬನ್ನಿ ಅಂದರೆ ಬೇಡ ಅನ್ನಿ. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಹೊಸಬರು ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಭಾಗ ಮಾತ್ರ ಮಾಡಬೇಕು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸಬೇಕು. ಬಾಯಾರಲಿ ಬಿಡಲಿ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಮಗು ತೊದಲಿದರೆ, ಏನೇನೋ ಮಾತಾಡಿದರೆ, ತೂರಾಡಿದರೆ ಅದು ಬರೀ ಸುಸ್ತಲ್ಲ. ತಕ್ಷಣ ನೆರಳಿಗೆ ತಂದು, ಮೈಗೆ ತಣ್ಣೀರು ಹಾಕುತ್ತಾ ಆಂಬುಲೆನ್ಸ್ ಕರೆಯಬೇಕು. ಇದನ್ನು ಗುಂಪು ನಡೆಸುವವರು ನೀವು ಕೇಳುವ ಮೊದಲೇ ಹೇಳಿದರೆ ನಿಶ್ಚಿಂತೆಯಿಂದ ಕಳಿಸಿ.

ಇಷ್ಟಾದರೂ ತೀರ್ಮಾನ ಆಗದಿದ್ದರೆ ಒಂದು ಶನಿವಾರ ಗಿಡದ ಕೆಲಸಕ್ಕೆ, ಮುಂದಿನ ಶನಿವಾರ ಕಾಂಪೋಸ್ಟಿಗೆ ಕಳಿಸಿ. ಮನೆಗೆ ಬಂದು ಯಾವುದರ ಬಗ್ಗೆ ತಾನಾಗಿ ಮಾತಾಡುತ್ತದೆ ಕೇಳಿಸಿಕೊಳ್ಳಿ. ಅದಕ್ಕೆ ಸೇರಿಸಿ.

ರಜೆಯ ಕೊನೆಯ ವಾರದಲ್ಲಿ ಹೊಸ ಕೆಲಸ ಇಟ್ಟುಕೊಳ್ಳಬೇಡಿ. ನಾವು ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾವ ಗಿಡ ಎಲ್ಲಿದೆ, ಕೊನೆಯ ಸಲ ಯಾವಾಗ ನೀರು ಬಿತ್ತು, ಯಾವುದರ ತಂತಿ ಇನ್ನೂ ತೆಗೆಯಬೇಕು, ರಾಶಿಯನ್ನು ಮುಂದೆ ಯಾವತ್ತು ತಿರುವಬೇಕು ಅಂತ ಮಕ್ಕಳ ಕೈಬರಹದಲ್ಲೇ ಇರುತ್ತದೆ. ಶಾಲೆ ಶುರುವಾದ ಮೇಲೆ ಅದು ಹತ್ತಿರದ ಅಂಗಡಿಯವರ ಹತ್ತಿರವೋ, ವಾಚ್‌ಮನ್ ಹತ್ತಿರವೋ, ಬೆಳಗ್ಗೆ ವಾಕಿಂಗ್ ಬರುವ ಹಿರಿಯರ ಹತ್ತಿರವೋ ಇರಬೇಕು. ಯಾರ ಹತ್ತಿರ ಅನ್ನುವುದನ್ನು ಮೊದಲ ವಾರವೇ ಕೇಳಿ ಒಪ್ಪಿಸಿಕೊಂಡಿರಿ.